ಒಡೆಯದ ಹಾಲು

ನಮ್ಮೂರಿನಲ್ಲಿ ಹಾಲಿಗೆ ಕಿವಿ ಇದೆ. ಗಂಡ ಹೆಂಡತಿ ಬಾಯಿಗೆ ಬಂದಂತೆ ಕಿತ್ತಾಡಲಿ, ಅತ್ತೆ ಸೊಸೆಯ ತವರಿನ ಮಾನವನ್ನು ಬೀದಿಗೆ ಎಳೆಯಲಿ, ಅದು ಒಲೆಯ ಮೇಲೆ ತನ್ನ ಪಾಡಿಗೆ ತಾನು ಉಕ್ಕುತ್ತಿರುತ್ತದೆ. ಸಿಟ್ಟು ಬೇರೆ, ತಾತ್ಸಾರ ಬೇರೆ ಎಂಬುದು ಹಾಲಿಗೆ ಗೊತ್ತು. ಆದರೆ ಯಾರಾದರೂ "ಆ ಮಂದೀನಽ ಅಷ್ಟು" ಎಂದು ಒಂದು ಇಡೀ ಓಣಿಯನ್ನೋ ಒಂದು ಇಡೀ ಕುಲವನ್ನೋ ಅಗಿದು ಉಗುಳಿದರೆ ಮುಗಿಯಿತು. ಪಾತೇಲಿಯಲ್ಲಿದ್ದ ಹಾಲು ಗಡ್ಡೆ ಗಡ್ಡೆಯಾಗಿ ಒಡೆದು, ಹಳದಿ ನೀರು ಬಿಟ್ಟುಕೊಂಡು ಕೂರುತ್ತದೆ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬೇರೆ ಊರುಗಳಲ್ಲಿ ಗುಡುಗಿಗೆ ಅಣಬೆ ಏಳುತ್ತವಂತೆ. ಅಲ್ಲಿ ಯಾರಾದರೂ ಯಾಕೆ ಎಂದು ಕೇಳುತ್ತಾರೆಯೇ?

ಕೇಳುವ ಬದಲು ಹೊಂದಿಕೊಂಡಿದ್ದೇವೆ. ಬಾಯಿಬಡುಕ ನೆಂಟರು ಬಂದರೆ ಜಾಣ ಹೆಂಗಸರು ಮೊದಲು ಹಾಲಿನ ಪಾತೇಲಿಯನ್ನು ಹಿತ್ತಲಿಗೆ ಸಾಗಿಸಿ ಆಮೇಲೆ ಕಾಲಿಗೆ ನೀರು ಕೊಡುತ್ತಾರೆ. ಚುನಾವಣೆ ಬಂತೆಂದರೆ ಪೇಟೆಯ ಮಿಠಾಯಿ ಅಂಗಡಿಗಳಿಗೆ ಸುಗ್ಗಿ. ಒಡೆದ ಹಾಲಿಗೆ ಬೆಲ್ಲ ಹಾಕಿ ಕಾಯಿಸಿ ಕಟ್ಟುವ ಒಡಕುಂಡೆ ಆಗ ಬೀದಿಬೀದಿಯಲ್ಲೂ ಸಿಗುತ್ತದೆ. ರುಚಿಯಾಗಿಯೂ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಮದುವೆಯ ಮಾತುಕತೆ, ಹೊಲದ ಪಾಲು, ಓಣಿಯ ಜಗಳ ಯಾವುದಕ್ಕೆ ಕೂತರೂ ನಡುವೆ ಒಂದು ಬಟ್ಟಲು ಹಾಲು ಇಡುವುದು ಪದ್ಧತಿ. ಹಾಲು ನೆಟ್ಟಗಿದ್ದರೆ ಮಾತೂ ನೆಟ್ಟಗಿದೆ ಎಂದು ಲೆಕ್ಕ. ಒಟ್ಟಿನಲ್ಲಿ ಒಳ್ಳೆಯದು ಕೆಟ್ಟದ್ದನ್ನು ಆರಿಸುವ ಕೆಲಸವನ್ನು ಎಮ್ಮೆಗಳಿಗೆ ಒಪ್ಪಿಸಿ ನಾವು ಹಾಯಾಗಿದ್ದೆವು.

ನಮ್ಮ ಕಾಲೇಜಿನಲ್ಲೂ ಇದೇ ಪದ್ಧತಿ. ವರ್ಷಕ್ಕೊಮ್ಮೆ ನಡೆಯುವ ಗ್ಯಾದರಿಂಗಿಗೆ ಹಾಡಾಗಲಿ, ಕುಣಿತವಾಗಲಿ, ನಾಟಕವಾಗಲಿ ಮೊದಲು ಹಾಲಿನ ಮುಂದೆ ಮಾಡಿ ತೋರಿಸಬೇಕು. ವೇದಿಕೆಯ ಅಂಚಿಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಬಟ್ಟಲು. ಕೊನೆಯವರೆಗೂ ಒಡೆಯದಿದ್ದರೆ ಉಸ್ತುವಾರಿಯ ವಸುಂಧರಾ ಮೇಡಂ ಕನ್ನಡಕ ಏರಿಸಿ ಬಟ್ಟಲಿಗೆ ಇಣುಕಿ "ಹಾಲು ಪಾಸ್" ಎನ್ನುತ್ತಿದ್ದರು. ನಾನು ಆ ವರ್ಷ ಬಿ.ಎ. ಕೊನೆಯ ವರ್ಷದಲ್ಲಿದ್ದೆ, ವಿದ್ಯಾರ್ಥಿ ಸಂಘದ ಜಿ.ಎಸ್. ಕೂಡ ಆಗಿದ್ದೆ. ಅನಸೂಯಾ ಎಂಬ ನನ್ನ ಹೆಸರಿಗಿಂತ ನನ್ನ ದನಿ ದೊಡ್ಡದು ಎಂದು ಎಲ್ಲರೂ ಹೇಳುತ್ತಾರೆ. ಮೈಕು ಕೆಟ್ಟರೆ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ದನಿ ದೊಡ್ಡದಿದ್ದವರು ಗೆಲ್ಲುತ್ತಾರೆ ಎಂಬ ನಂಬಿಕೆ ನನಗೂ ಇತ್ತು.

ಇನ್ನು ನಮ್ಮ ಕಾಲೇಜಿನವರ ಬಾಯಲ್ಲಿ ಸದಾ ಇದ್ದ ಒಂದು ಮಾತಿನ ವಿಷಯ. ಊರಿನ ಕೆಳಗಡೆ, ಹೊಳೆಯ ದಂಡೆಗೆ, ಮೇಲೂರಿನವರ ಓಣಿ ಇದೆ. ಮೇಲೂರು ಎಂಬುದು ಹೊಳೆಯ ಮೇಲ್ಭಾಗದಲ್ಲಿದ್ದ ಹಳ್ಳಿ. ಅಜ್ಜಂದಿರ ಕಾಲದಲ್ಲಿ ಮಹಾಪೂರ ಬಂದು ಆ ಊರಿಗೆ ಊರೇ ಕೊಚ್ಚಿಹೋಯಿತು. ಉಳಿದವರು ಬಾಗಿಲು, ತೊಲೆ, ಜೋಳದ ಕಣಕಿಯ ಹೊರೆ, ಕೈಗೆ ಸಿಕ್ಕಿದ್ದನ್ನು ಅಪ್ಪಿಕೊಂಡು ತೇಲುತ್ತಾ ಬಂದು ನಮ್ಮೂರ ದಂಡೆ ಹತ್ತಿ ಇಲ್ಲಿಯೇ ನೆಲೆ ನಿಂತರು. ಅವರು ತಮ್ಮನ್ನು ಇವತ್ತಿಗೂ ಮೇಲೂರಿನವರು ಎಂದೇ ಕರೆದುಕೊಳ್ಳುತ್ತಾರೆ. ನಮ್ಮವರ ಬಾಯಲ್ಲಿ ಮಾತ್ರ ಅವರು ತೇಲಿಬಂದವರಾದರು. ಅಷ್ಟುದ್ದ ಹೇಳುವುದಕ್ಕೆ ಬೇಸರವಾಯಿತೇನೋ, ನಮ್ಮ ಕಾಲೇಜಿನ ಹೊತ್ತಿಗೆ ಅದು ಸವೆದು ಸವೆದು ಬರೀ "ತೇಲು" ಆಗಿತ್ತು.

ಮಸಿ ಸೋರುವ ಪೆನ್ನು ತೇಲು ಪೆನ್ನು. ತಡವಾಗಿ ಬರುವ ಬಸ್ಸು ತೇಲು ಬಸ್ಸು. ಸರ್‌ಗಳು ಕರುಣೆ ತೋರಿ ಹಾಕಿದ ಮಾರ್ಕ್ಸು ತೇಲು ಮಾರ್ಕ್ಸು. ಯಾರದೋ ಸ್ಕೂಟರಿಗೆ ಬ್ರೇಕು ಹಿಡಿಯದಿದ್ದರೆ ಅದೂ ತೇಲು. ಹುಡುಗರು ಜೀವದ ಗೆಳೆಯನನ್ನೂ "ಏನಲೇ ತೇಲು" ಎಂದು ಹೆಗಲ ಮೇಲೆ ಕೈ ಹಾಕಿ ಕರೆಯುತ್ತಿದ್ದರು. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಅದೇ ಅದರ ಗಮ್ಮತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾವು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು, ಹೊರಗೆ ಬಂದು, ಪ್ರಶ್ನೆಪತ್ರಿಕೆ ತೇಲು ಇತ್ತು ಎನ್ನುತ್ತಿದ್ದೆವು.

ಈ ಮಾತಿನ ಮೇಲೆ ಒಂದು ನಾಟಕವನ್ನೇ ಕಟ್ಟಿದವನು ನಮ್ಮ ತರಗತಿಯ ಸುಭಾಸ. ಸುಭಾಸ ಕೆಟ್ಟ ಹುಡುಗನಲ್ಲ. ಯಾರಿಗಾದರೂ ರಕ್ತ ಬೇಕೆಂದರೆ ಮೊದಲು ತೋಳು ಮಡಚುವವನು ಅವನೇ. ಆದರೆ ನಗಿಸುವ ಚಟ ಒಂದಿತ್ತು. ಅವನ "ತೇಲವ್ವನ ಮದುವಿ" ಪ್ರತಿ ವರ್ಷದ ಗ್ಯಾದರಿಂಗಿನ ಕೊನೆಯ ಐಟಂ. ಸೀರೆ ಉಟ್ಟು, ಬಣ್ಣ ಬಳಿದು, ವಿಗ್ಗು ಹಾಕಿ ಅವನೇ ತೇಲವ್ವನಾಗುತ್ತಿದ್ದ. ತೇಲವ್ವ ಯಾರ ಮನೆಗೆ ಹೋದರೂ ಬಾಗಿಲು ಅಪ್ಪಿಕೊಂಡು ನಿಲ್ಲುತ್ತಾಳೆ, ಎಳೆದರೂ ಬಿಡುವುದಿಲ್ಲ. ಬೀಗರು ಬಂದು "ನಿಮ್ಮೂರು ಯಾವುದವ್ವಾ?" ಎಂದು ಕೇಳಿದರೆ "ನೀರು ಎಲ್ಲಿ ನಿಂತತೋ ಅದಽ ನಮ್ಮೂರು!" ಎನ್ನುತ್ತಾಳೆ. ಇಡೀ ಹಾಲ್ ಬಿದ್ದು ಬಿದ್ದು ನಗುತ್ತಿತ್ತು. ಬಟ್ಟಲಿನ ಹಾಲು ಅಲ್ಲಾಡುತ್ತಲೂ ಇರಲಿಲ್ಲ.

ನಗದೇ ಇದ್ದವಳು ಇಂದುಮತಿ. ಅವಳು ಮೇಲೂರಿನವರ ಓಣಿಯವಳು, ನನ್ನ ಪಕ್ಕದ ಬೆಂಚಿನವಳು, ಕಾಲೇಜಿಗೆಲ್ಲ ಒಳ್ಳೆಯ ಕಂಠದವಳು. ಹಿಂದಿನೆರಡು ವರ್ಷ ಗ್ಯಾದರಿಂಗಿನ ದಿನವೇ ಅವಳಿಗೆ ಜ್ವರ ಬಂದಿತ್ತು. ಈ ಸಲ ನಾನು ಜಿ.ಎಸ್. ಆದದ್ದರಿಂದ ನನ್ನ ಮಾತಿಗೆ ಕಟ್ಟುಬಿದ್ದು ಪ್ರಾರ್ಥನೆ ಹಾಡಲು ಒಪ್ಪಿದ್ದಳು. ತಾಲೀಮು ಶುರುವಾದ ಮೊದಲ ವಾರ ಮುಗಿದ ಸಂಜೆ, ಇಬ್ಬರೂ ಬಸ್ಸಿಗೆ ಕಾಯುತ್ತಾ ನಿಂತಾಗ, ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಅಂದಳು: "ಗ್ಯಾದರಿಂಗ್ ಆದ ಮ್ಯಾಲೆ ನಾ ಬರೂದಿಲ್ಲ ಅನ್ಸೂ. ಟಿ.ಸಿ. ತಗೊಂಡು ಮನ್ಯಾಗ ಕೂಡ್ತೀನಿ."

"ಹುಚ್ಚೀ, ಪರೀಕ್ಷೆ ಇಲ್ಲೇ ಬಂದೈತಿ. ನಿಮ್ಮ ಓಣ್ಯಾಗ ಡಿಗ್ರಿ ಮುಗಸೋ ಮೊದಲನೇಕಿ ನೀನು."

"ನನಗೇನ್ ಹೌಸಿ ಐತೇನು? ಮುಂಜಾನಿಂದ ಸಂಜೀತನಕಾ ಆ ಮಾತು ಕಿವಿಗೆ ಬೀಳತಿರತೈತಿ. ಯಾರೂ ನನಗ ಅನ್ನೂದಿಲ್ಲ, ಹೌದು. ಪೆನ್ನಿಗೆ ಅಂತಾರ, ಬಸ್ಸಿಗೆ ಅಂತಾರ. ನಾ ಸಿಟ್ಟಾದ್ರ, ಪೆನ್ನಿಗೆ ಬೈದ್ರ ನಿನಗ್ಯಾಕ ಸಿಟ್ಟು ಅಂತಾರ. ಬೈದಾವರ ಮ್ಯಾಲೆ ಸಿಟ್ಟು ಮಾಡಬಹುದು. ಪೆನ್ನಿನ ಮ್ಯಾಲೆ ಹೆಂಗ ಮಾಡ್ಲಿ?"

ಹಿಂದಿನ ದಿನ ಕ್ಯಾಂಟೀನಿನಲ್ಲಿ ಅವಳು ಧೈರ್ಯ ಮಾಡಿ ಸುಭಾಸನನ್ನು ಕೇಳಿಯೇಬಿಟ್ಟಿದ್ದಳಂತೆ, ಆ ಮಾತು ಬಿಡು ಎಂದು. ಅವನು ತನ್ನ ಚಹಾದ ಲೋಟವನ್ನು ಎತ್ತಿ ಹಿಡಿದು, ಎಲ್ಲರಿಗೂ ಕಾಣುವಂತೆ ತಿರುಗಿಸಿ, "ಹಾಲಽ ಒಡದಿಲ್ಲವಾ, ನಿನ್ನ ಮನಸ್ಯಾಕ ಒಡೀಬೇಕು?" ಎಂದನಂತೆ. ಕ್ಯಾಂಟೀನು ಚಪ್ಪಾಳೆ ತಟ್ಟಿತಂತೆ. ಇದನ್ನು ಹೇಳುವಾಗ ಇಂದೂ ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಬಸ್ಸು ಬಂತು, ಅವಳು ಹತ್ತಿದಳು, ನಾನು ಹತ್ತದೆ ಕಾಲೇಜಿನ ಕಡೆಗೆ ತಿರುಗಿದೆ.

ಹಾಲು ಯಾಕೆ ಒಡೆಯಲಿಲ್ಲ? ನನಗೆ ಅದೊಂದೇ ಪ್ರಶ್ನೆ. ಹಾಲು ಸುಳ್ಳು ಹೇಳುವುದಿಲ್ಲ ಎಂದು ಹುಟ್ಟಿದಾಗಿನಿಂದ ನಂಬಿದವಳು ನಾನು. ಇಂದೂ ಸುಳ್ಳು ಹೇಳುವುದಿಲ್ಲ ಎಂಬುದೂ ಗೊತ್ತು. ಎರಡರಲ್ಲಿ ಒಂದು ತಪ್ಪಿರಬೇಕು. ಕ್ಯಾಂಟೀನಿನ ಪುಂಡಲೀಕಣ್ಣ ಒಲೆ ಆರಿಸುತ್ತಿದ್ದ. "ಪುಂಡಲೀಕಣ್ಣಾ, ಹಾಲು ಯಾರ ಮನೀದು?" ಎಂದೆ. "ಬೆಳ್ಳಗೈತಿ, ಬಿಸಿ ಐತಿ, ಕುಡ್ಯಾಕ ನಿನಗೇನ್ ತ್ರಾಸು?" ಎಂದ. ನಾನು ಕೌಂಟರಿನ ಹಿಂದೆ ಹೋಗಿ ನೋಡಿದೆ. ಹಾಲಿನ ಕ್ಯಾನೇ ಇಲ್ಲ, ಅದನ್ನು ಇಡುತ್ತಿದ್ದ ಜಾಗದಲ್ಲಿ ಕಸಬರಿಗೆ. ಮೂಲೆಯಲ್ಲಿ ಹಾಲಿನ ಪುಡಿಯ ಡಬ್ಬಿಗಳು ಒಂದರ ಮೇಲೊಂದು ಕೂತಿದ್ದವು.

ಸಿಕ್ಕಿಬಿದ್ದ ಮೇಲೆ ಪುಂಡಲೀಕಣ್ಣ ಮುಚ್ಚಿಡುವ ಮನುಷ್ಯನಲ್ಲ. "ಮತ್ತೇನ್ ಮಾಡ್ಲೆವಾ? ಖರೇ ಹಾಲು ತಂದ್ರ ಹತ್ತು ಹೊಡಿಯೂದ್ರಾಗ ಒಡಕೊಂಡು ಕುಂದರತಿತ್ತು. ಈ ಹುಡುಗೂರ ಬಾಯಿ ಮುಚ್ಚಸೂದು ನನ್ನ ಕೈಲೆ ಆಗತೈತೇನು? ಪುಡಿ ತಂದೆ. ಪುಡಿಗೆ ಕಿವಿ ಇಲ್ಲ. ನನಗೂ ಆರಾಮ, ಅವರಿಗೂ ಆರಾಮ." ತಾಲೀಮಿನ ಬಟ್ಟಲಿಗೆ ಹೋಗುವ ಹಾಲು ಯಾವುದು ಎಂದು ಕೇಳಿದೆ. ಅವನು ಒಲೆಯ ಬೂದಿ ಕೆದಕಿದ. "ಅದೂ ಇಲ್ಲಿಂದಽ ಹೋಗತೈತಿ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ವರ್ಷಗಟ್ಟಲೆ ಪುಡಿಯ ಮುಂದೆ ನಾಟಕವಾಡಿ ಪಾಸಾದ ಕಾಲೇಜು ನಮ್ಮದು. ನನಗೆ ನಗು ಬಂತು, ಅದರ ಹಿಂದೆಯೇ ಹುರುಪೂ ಬಂತು. ಇಷ್ಟೇ ತಾನೆ! ಮರುದಿನವೇ ವಸುಂಧರಾ ಮೇಡಂ ಮುಂದೆ ನಿಂತು, ಎಲ್ಲ ಐಟಂಗಳಿಗೂ ಖರೇ ಹಾಲಿನಲ್ಲಿ ಮತ್ತೆ ಪರೀಕ್ಷೆ ಆಗಬೇಕು ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯವರು ಮೇಡಂ. "ಗ್ಯಾದರಿಂಗ್ ಹತ್ರ ಬಂದೈತಿ ಅನಸೂಯಾ, ಸುಮ್ಮನ ಹುಳಿ ಹಿಂಡಬ್ಯಾಡ" ಎಂದರು. "ಹುಳಿ ಹಿಂಡಾಕ ಮೊದಲು ಹಾಲು ಇರಬೇಕಲ್ರೀ ಮೇಡಂ" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆಗಲಿ ಎಂದರು.

ಮನೆಯಿಂದ ನಮ್ಮ ಎಮ್ಮೆಯ ಹಾಲು ತಂದೆ. ಸುದ್ದಿ ಹಬ್ಬಿ ಹಾಲ್ ತುಂಬಿತ್ತು. ಸುಭಾಸನ ಮುಖ ಸಣ್ಣಗಾಗಿತ್ತು. ಅವನಿಗೂ ಪುಡಿಯ ವಿಷಯ ಗೊತ್ತಿರಲಿಲ್ಲ. ನಾನು ಇಂದೂಳನ್ನು ಮೊದಲ ಸಾಲಿನಲ್ಲಿ ಕೂಡಿಸಿ, ಪಕ್ಕದಲ್ಲಿ ಕೈಕಟ್ಟಿ ಕೂತೆ. ತೇಲವ್ವ ಬಂದಳು. ಬಾಗಿಲು ಅಪ್ಪಿಕೊಂಡಳು. ಆ ಮಾತು ಒಂದು ಸಲ ಬಂತು, ಮತ್ತೆ ಬಂತು, ಬರುತ್ತಲೇ ಹೋಯಿತು. ಬಟ್ಟಲಿನ ಹಾಲು ಕನ್ಯೆ ನೋಡಲು ಬಂದವರ ಮುಂದೆ ಕೂತ ಹುಡುಗಿಯ ಹಾಗೆ ತಲೆ ಎತ್ತಲಿಲ್ಲ. ಮೇಲೆ ಕೆನೆ ಕಟ್ಟಿತೇ ಹೊರತು ಒಂದು ಗೆರೆ ಬಿಡಲಿಲ್ಲ. ನೀರು ಎಲ್ಲಿ ನಿಂತತೋ ಎಂಬ ಮಾತು ಬಂದಾಗ ಮೊದಲು ಅಂಜಿಕೊಂಡು ಕೂತಿದ್ದವರೆಲ್ಲ ಒಮ್ಮೆಲೇ ನಕ್ಕರು. ಸುಭಾಸ ಸೆರಗು ಸೊಂಟಕ್ಕೆ ಸಿಗಿಸಿ ಬಂದು ಬಟ್ಟಲನ್ನು ಎತ್ತಿ ಗಟಗಟ ಕುಡಿದ. ಕೆನೆ ಅಂಟಿದ ಮೀಸೆ ಒರೆಸಿಕೊಂಡು, "ಎಮ್ಮಿ ಹಾಲ್ರೀ ಮೇಡಂ, ಹಾಲು ಪಾಸ್!" ಎಂದು ಕೂಗಿದ. ಸಿಳ್ಳೆ, ಚಪ್ಪಾಳೆ. ನನ್ನ ಜೀವಮಾನದಲ್ಲಿ ಮೊದಲ ಸಲ ನನ್ನ ದೊಡ್ಡ ದನಿ ಎಲ್ಲಿಗೋ ಹೋಯಿತು.

ಇಂದೂ ಎದ್ದು ಹೊರಗೆ ಹೋದಳು. ನಾನು ಹಿಂದೆ ಓಡಿದೆ. ಮೆಟ್ಟಿಲ ಬಳಿ ನಿಂತು ಅವಳು ತಿರುಗಿದಳು. "ನಾ ನಿನಗ ಏನ್ ಕೇಳಿದ್ದೆ ಅನ್ಸೂ? ನನಗ ನೋವಾಗತೈತಿ ಅಂತ ಹೇಳಿದ್ದೆ. ಅಷ್ಟಽ. ನಾ ಹೇಳಿದ್ದು ಸಾಲಲಿಲ್ಲೇನು ನಿನಗ? ಹೋಗಿ ಹಾಲನ್ನ ಕೇಳಬೇಕಾಗಿತ್ತೇನು?"

ಅವಳು ಹೋದಳು.

ಆ ಸಂಜೆ ನಮ್ಮ ಕೊಟ್ಟಿಗೆಯಲ್ಲಿ ಅವ್ವ ಹಾಲು ಹಿಂಡುತ್ತಿದ್ದಳು. ನಾನು ಗೋದಲಿಯ ಕಟ್ಟೆಯ ಮೇಲೆ ಕೂತು ಎಮ್ಮೆಯನ್ನೇ ದುರುಗುಟ್ಟಿ ನೋಡುತ್ತಿದ್ದೆ. ನನಗೆ ಮೋಸ ಮಾಡಿದ ಪ್ರಾಣಿ ಎಂದು ಸಿಟ್ಟು. ಎಮ್ಮೆ ಕಾಲು ಜಾಡಿಸಿತು. "ಸುಮ್ಮನ ನಿಂದ್ರಽ ತೇಲೂ" ಎಂದು ಅವ್ವ ಅದರ ತೊಡೆಗೆ ಪ್ರೀತಿಯಿಂದ ಒಂದು ಬಡಿದಳು. ನಾನು ಬೆಚ್ಚಿದೆ. "ಅವ್ವಾ, ಅದಕ್ಕ ಏನಂತ ಕರದಿ?" ಎಂದೆ. "ಅದರ ಹೆಸರಽ ಅದಲ್ಲೇನವಾ? ಹೊಳಿ ದಾಟಿಸಿ ತಂದಿದ್ದಲ್ಲ, ಕರು ಇದ್ದಾಗಿಂದ ಎಲ್ಲಾರೂ ತೇಲು ತೇಲು ಅಂತಽ ಕರದ್ವಿ." ಹೌದು, ಕರೆದಿದ್ದರು. ನಾನು ಹುಟ್ಟಿದ ಮನೆ, ದಿನ ಬೆಳಗಾದರೆ ಕೇಳುವ ಹೆಸರು, ನನ್ನ ಕಿವಿಗೇ ಬಿದ್ದಿರಲಿಲ್ಲ. ಪುಡಿಗೆ ಕಿವಿ ಇಲ್ಲದ್ದಕ್ಕೆ ಒಡೆಯಲಿಲ್ಲ, ಸರಿ. ನಮ್ಮ ಎಮ್ಮೆಯ ಹಾಲು ಕೆಚ್ಚಲಿನಲ್ಲಿದ್ದಾಗಲೇ ಆ ಮಾತು ಕೇಳಿ ಕೇಳಿ ಬೆಳೆದದ್ದು. ಅದಕ್ಕೆ ಅದು ಜೋಗುಳ.

"ಇನ್ನ ಮ್ಯಾಲೆ ಅದನ್ನ ಹಂಗ ಕರೀಬ್ಯಾಡವಾ" ಎಂದೆ. ಅವ್ವ ನಕ್ಕಳು. "ಎಮ್ಮಿಗೇನ್ ತಿಳೀತೈತಿ? ಹಾಲಂತೂ ಕೊಡಾಕತ್ತೈತಿ." ನಾನು ನಗಲಿಲ್ಲ. ಎಮ್ಮೆಗೆ ತಿಳಿಯುವುದಿಲ್ಲ ಎಂಬುದು ನಿಜವೇ, ತಿಳಿಯಬೇಕಾದವರು ನಾವು ಎಂದು ಇಂದೂಳ ವಿಷಯವನ್ನೆಲ್ಲ ಹೇಳಿದೆ. ಅವ್ವ ಹಿಂಡುವುದನ್ನು ನಿಲ್ಲಿಸಲಿಲ್ಲ, ಆದರೆ ಕೇಳಿದಳು. ಕೊನೆಗೆ, "ಆ ಹುಡಿಗಿ ನಮ್ಮ ಮನಿಗೆ ಬಂದಾಗೂ ನಾ ಹಿಂಗಽ ಕರದೀನೇನು?" ಎಂದಳು. "ಕರದಿರಬೇಕು" ಎಂದೆ. ಅವ್ವ ಪಾತೇಲಿ ಎತ್ತಿಕೊಂಡು ಒಳಗೆ ಹೋದಳು. ಅವತ್ತು ಅವಳು ಊಟಕ್ಕೆ ಕರೆಯುವ ದನಿ ಸಣ್ಣದಾಗಿತ್ತು.

ಮರುದಿನ ಮೇಲೂರಿನವರ ಓಣಿಗೆ ಹೋದೆ. ಇಂದೂ ಹೊರಗಿನ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತಾ ಕೂತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾನೂ ಕೂತು ಒಂದು ಹಿಡಿ ಶೇಂಗಾ ತೆಗೆದುಕೊಂಡು ಬಿಡಿಸತೊಡಗಿದೆ. "ನಾಡದು ಕೊನೇ ತಾಲೀಮು" ಎಂದೆ. "ಗೊತ್ತೈತಿ." "ಬಾ. ಈ ಸಲ ಹಾಲು ತರೂದಿಲ್ಲ." ಅವಳು ನನ್ನನ್ನು ನೋಡಿದಳು. "ಮತ್ತೇನ್ ತರ್ತೀ?" "ಬಾಯಿ ತರ್ತೀನಿ. ನಿಂದೂ ತಗೊಂಡ್ ಬಾ." ಅವಳಿಗೆ ನಗು ಬಂತು, ತಡೆದಳು, ತಡೆಯಲು ಆಗಲಿಲ್ಲ. ನನಗೆ ಅಷ್ಟು ಸಾಕಿತ್ತು. ನನ್ನ ದನಿ ಮರಳಿ ಬಂದದ್ದು ಅಲ್ಲಿ, ಶೇಂಗಾ ಸಿಪ್ಪೆಯ ರಾಶಿಯ ಮುಂದೆ.

ಗ್ಯಾದರಿಂಗಿನ ಹಿಂದಿನ ದಿನ ಹಾಲ್ ಮತ್ತೆ ತುಂಬಿತ್ತು. ಪದ್ಧತಿ ಬಿಡಲಾಗದ ಮೇಡಂ ತಮ್ಮ ಮನೆಯಿಂದಲೇ ಹಾಲು ತಂದು ಸ್ಟೂಲಿನ ಮೇಲೆ ಇಟ್ಟಿದ್ದರು. ಇರಲಿ ಎಂದೆ. ಇಂದೂ ಪ್ರಾರ್ಥನೆ ಹಾಡಿ ವೇದಿಕೆಯ ಒಂದು ಬದಿಗೆ ನಿಂತಳು. ಒಂದೊಂದಾಗಿ ಎಲ್ಲ ಮುಗಿದು ಕೊನೆಗೆ ಸುಭಾಸ ಬಂದ. ತೇಲವ್ವ ಬಾಗಿಲು ಅಪ್ಪಿಕೊಂಡಳು. ನಗು ಏಳುವಷ್ಟರಲ್ಲಿ ನಾನು ವೇದಿಕೆ ಹತ್ತಿದೆ.

"ಸುಭಾಸ, ತಡಿ. ಈ ಜೋಕು ನನಗ ತಿಳೀಲಿಲ್ಲ. ಬಿಡಿಸಿ ಹೇಳು" ಎಂದೆ.

"ಏ, ಜೋಕು ಬಿಡಿಸಿದ್ರ ಅದರಾಗ ಏನ್ ಉಳೀತೈತಿ?"

"ಅದನ್ನಽ ನೋಡೂಣು. ತೇಲವ್ವ ಬಾಗಲಾ ಯಾಕ ಬಿಡವಲ್ಲಳು?"

ಅವನು ಸಭೆಯ ಕಡೆ ನೋಡಿ ಕಣ್ಣು ಹೊಡೆದ. "ಅವರು ಬಾಗಲಾ ಹಿಡಕೊಂಡು ಬಂದವರಲ್ಲವಾ, ಅದಕ್ಕ." ಕೆಲವರು ನಕ್ಕರು.

"ಅವರು ಅಂದ್ರ ಯಾರು?"

"ಅವರಽ... ಮೇಲೂರಿನವರು."

"ಬಾಗಲಾ ಯಾಕ ಹಿಡಕೊಂಡಿದ್ರು?"

"ಹೊಳಿ ಬಂದಿತ್ತಲ್ಲ. ಮುಳುಗಬಾರದು ಅಂತ."

"ಹಿಡಕೊಳ್ಳಾರದವರು ಏನಾದ್ರು?"

ವಿಗ್ಗಿನ ಜಡೆ ಸುಭಾಸನ ಹೆಗಲ ಮುಂದೆ ಬಂದಿತ್ತು. ಅದನ್ನು ಹಿಂದಕ್ಕೆ ತಳ್ಳಿದ. ನಾನು ಬಿಡಲಿಲ್ಲ. ಅವನ ಮೇಲೆ ನನಗೆ ದ್ವೇಷವಿರಲಿಲ್ಲ, ಆದರೆ ಅವತ್ತು ಕರುಣೆಯೂ ಇರಲಿಲ್ಲ. "ಹೇಳೋ. ಏನಾದ್ರು?"

"ಸತ್ರು" ಎಂದ.

"ಇದರಾಗ ನಗೂದು ಎಲ್ಲಿ ಐತಿ ತೋರಿಸು. ಎಲ್ಲಾರೂ ಕೂಡೇ ನಗೂಣು."

ಹಿಂದಿನ ಬೆಂಚಿನಿಂದ ಯಾವನೋ, "ಏ ಅಕ್ಕಾ, ಬರೇ ಚ್ಯಾಷ್ಟಿಗೆ ಅಂದದ್ದು, ಯಾರ ಮನಸ್ಸಿಗೂ ನೋವು ಮಾಡಾಕಲ್ಲ" ಎಂದ. ಅವನಿಗೆ ಉತ್ತರ ಕೊಡಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇಂದೂ ಮುಂದೆ ಬಂದಳು. ಮೈಕು ಹಿಡಿಯಲಿಲ್ಲ. ಹಾಡುವವಳ ದನಿಗೆ ಮೈಕು ಬೇಕಿರಲಿಲ್ಲ.

"ನಮ್ಮ ಆಯಿ, ನಮ್ಮಪ್ಪನ ಅವ್ವ, ಹಂತಾದೊಂದು ಬಾಗಲದ ಮ್ಯಾಲಿದ್ಲು" ಎಂದಳು. "ಸಣ್ಣ ಹುಡಿಗಿ. ಈ ಕಡೆ ಚಿಲಕಾ ಹಿಡಕೊಂಡು ಆಕಿ, ಆ ಕಡೆ ಆಕಿ ತಮ್ಮ. ತಮ್ಮನ ಕೈ ಸೋತು, ಬಿಟ್ಟ. ಆಯೀನೂ ಬಿಡಾಕಿ ಇದ್ಲು. ಆವಾಗ ದಂಡಿ ಮ್ಯಾಲೆ ಮಂದಿ ಓಡಿಕೋತ ಬಂದ್ರು, ಹಗ್ಗ ತಗೊಂಡು. ಹಗ್ಗ ಮುಟ್ಟೂತನಕಾ ಆಕಿ ಕೈ ಬಿಡಬಾರದು ಅಂತ ಕೂಗಿದ್ರು. ಏನಂತ ಕೂಗಿದ್ರು ಗೊತ್ತೇನು? ತೇಲವ್ವಾ, ತೇಲು! ಮುಳುಗಬ್ಯಾಡ, ತೇಲವ್ವಾ! ಬಂದ್ವಿ, ತೇಲವ್ವಾ!"

ಸೀರೆ ಉಟ್ಟ ಸುಭಾಸ ನಿಂತಲ್ಲೇ ನಿಂತಿದ್ದ.

"ಕೂಗಿದವರು ಮೇಲೂರಿನವರಲ್ಲ. ಈ ಊರಿನವರು. ನಿಮ್ಮ ಅಜ್ಜಗೋಳು. ಆ ಮಾತು ಕೇಳಿ ಆಯಿ ಬದುಕಿದ್ಲು, ಅದಕ್ಕ ನಾ ಇಲ್ಲಿ ನಿಂತೀನಿ. ಮಾತು ಅದಽ ಐತಿ. ಆದ್ರ ಅವತ್ತು ಮಾತಿನ ಹಿಂದ ಹಗ್ಗ ಇತ್ತು. ನೀವು ಹಗ್ಗ ಬಿಟ್ಟು ಮಾತಷ್ಟಽ ಇಟಗೊಂಡ್ರಿ." ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು. "ನಾ ಟಿ.ಸಿ. ತಗೋಬೇಕು ಅಂತ ಮಾಡಿದ್ದೆ. ತಗೋಳೂದಿಲ್ಲ. ಮುಂದಿನ ವರ್ಷ ನಮ್ಮ ಓಣಿಯಿಂದ ಇನ್ನಿಬ್ಬರು ಹುಡಿಗ್ಯಾರು ಬರಾಕತ್ತಾರ. ಅವರಿಗೆ ಅವರ ಹೆಸರು ಹಿಡದು ಕರೀರಿ. ಚ್ಯಾಷ್ಟಿಗೆ ಬೇಕಾದ್ದು ಜಗ್ಗಿ ಐತಿ ಜಗತ್ತಿನ್ಯಾಗ."

ಸುಭಾಸ ವಿಗ್ಗು ತೆಗೆದು ಕೈಯಲ್ಲಿ ಹಿಡಿದುಕೊಂಡ. ಸೀರೆಯ ನೆರಿಗೆ ಎತ್ತಿಕೊಂಡು ಪರದೆಯ ಹಿಂದೆ ಹೋದ. ಹಿಂದಿನ ಬೆಂಚಿನವನು ತನ್ನ ಚಪ್ಪಲಿ ನೋಡುತ್ತಿದ್ದ. ಮುಂದಿನ ಸಾಲಿನಲ್ಲಿ ಒಬ್ಬಳು ಕಣ್ಣೊರೆಸಿಕೊಂಡಳು. ಎಲ್ಲರೂ ನೋಡುತ್ತಿದ್ದದ್ದು ಇಂದೂಳ ಮುಖವನ್ನು. ಮೂರು ವರ್ಷ ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿದವರು, ಆ ಮುಖವನ್ನು ಅವತ್ತೇ ಮೊದಲ ಸಲ ನೋಡಿದಂತೆ ನೋಡುತ್ತಿದ್ದರು. ನನಗೆ ಹೆಮ್ಮೆ ಉಕ್ಕಿ ಬಂತು, ಮತ್ತು ಹೇಳಲೇಬೇಕು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇಷ್ಟು ಮೆಲ್ಲಗೆ ಮಾತಾಡಿ ಇಷ್ಟು ದೂರ ಮುಟ್ಟುವುದು ನನಗೆ ಬರುವುದಿಲ್ಲ.

ಎಲ್ಲರೂ ಎದ್ದು ಹೋಗತೊಡಗಿದ ಮೇಲೆ ವಸುಂಧರಾ ಮೇಡಂಗೆ ಬಟ್ಟಲು ನೆನಪಾಯಿತು. ಕನ್ನಡಕ ಏರಿಸಿಕೊಂಡು ಹೋಗಿ ಇಣುಕಿದರು. ಬಟ್ಟಲು ಖಾಲಿ. ಸ್ಟೂಲಿನ ಕೆಳಗೆ ಕ್ಯಾಂಟೀನಿನ ಬೆಕ್ಕು ಮುಂಗಾಲು ನೆಕ್ಕುತ್ತಾ ಕೂತಿತ್ತು. ಒಡೆದಿತ್ತೋ ಇಲ್ಲವೋ, ಅದಕ್ಕೊಂದಕ್ಕೇ ಗೊತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ ಎನ್ನುತ್ತಾರೆ. ಅವತ್ತು ಕಣ್ಣು ಬಿಟ್ಟುಕೊಂಡೇ ಕುಡಿದಿರಬೇಕು, ಲೋಕಕ್ಕೆ ಗೊತ್ತಾಗಲಿಲ್ಲ. "ಪಾಸೋ ಫೇಲೋ ಹೆಂಗ ಹೇಳ್ಲಿ ಈಗ?" ಎಂದು ಮೇಡಂ ಕೇಳಿದರು. "ನೀವಽ ಹೇಳ್ರಿ ಮೇಡಂ, ನಿಮಗೂ ಕಿವಿ ಅದಾವಲ್ಲ" ಎಂದೆ. ಅವರಿಗೆ ಸಿಟ್ಟು ಬರಬಹುದೆಂದುಕೊಂಡಿದ್ದೆ. ಬರಲಿಲ್ಲ. ಖಾಲಿ ಬಟ್ಟಲನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡು, "ಫೇಲು" ಎಂದರು.

ಗ್ಯಾದರಿಂಗಿನಲ್ಲಿ ತೇಲವ್ವನ ಮದುವೆ ನಡೆಯಲಿಲ್ಲ. ಸುಭಾಸ ಆ ಮಾತನ್ನು ತೆಗೆದು ನಾಟಕವನ್ನು ಉಳಿಸಿಕೊಳ್ಳಲು ನೋಡಿದನಂತೆ. ತೆಗೆದ ಮೇಲೆ ಉಳಿದದ್ದು ಒಂದು ಸೀರೆ, ಒಂದು ವಿಗ್ಗು. ಅದರ ಬದಲು ಅವನು ನಮ್ಮ ಸರ್‌ಗಳು ಹಾಜರಿ ಕೂಗುವುದನ್ನು ಮಾಡಿ ತೋರಿಸಿದ, ಜನ ನಕ್ಕರು, ಸರ್‌ಗಳು ಹೆಚ್ಚು ನಕ್ಕರು. ಎಲ್ಲರೂ ಬದಲಾದರು ಎಂದು ನಾನು ಹೇಳುವುದಿಲ್ಲ. ಕೆಲವರು ನನ್ನನ್ನು "ಹಾಲವ್ವ" ಎಂದು ಕರೆಯತೊಡಗಿದರು. ಕರೆಯಲಿ, ಅದು ನನಗೊಬ್ಬಳಿಗೆ ಇಟ್ಟ ಹೆಸರು, ನನ್ನ ಓಣಿಗಲ್ಲ. ಪುಂಡಲೀಕಣ್ಣ ಪುಡಿಯ ಡಬ್ಬಿಯನ್ನು ಬಿಡಲಿಲ್ಲ. ನಮ್ಮ ಮನೆಯ ಎಮ್ಮೆಗೆ ಮಾತ್ರ ಅವ್ವ ಗೌರಿ ಎಂದು ಹೊಸ ಹೆಸರಿಟ್ಟಳು. ಅದು ಇವತ್ತಿಗೂ ಆ ಹೆಸರಿಗೆ ತಿರುಗಿ ನೋಡುವುದಿಲ್ಲ, ಅವ್ವನೂ ಕರೆಯುವುದನ್ನು ಬಿಡುವುದಿಲ್ಲ.

ಪರೀಕ್ಷೆಗೆ ಮುಂಚಿನ ಒಂದು ಮಧ್ಯಾಹ್ನ. ಕ್ಯಾಂಟೀನಿನಲ್ಲಿ ನಾನು, ಇಂದೂ ಚಹಾ ಕುಡಿಯುತ್ತಾ ಕೂತಿದ್ದೆವು. ಪಕ್ಕದ ಟೇಬಲ್ಲಿನಲ್ಲಿ ಸುಭಾಸ ನೋಟ್ಸು ಬರೆದುಕೊಳ್ಳುತ್ತಿದ್ದ. ಅವನ ಪೆನ್ನು ಒಮ್ಮೆಲೇ ಮಸಿ ಕಾರಿ ಅಂಗಿಯ ತೋಳಿಗೆಲ್ಲ ಬಳಿಯಿತು. "ಥೂ ಇದರ, ತೇ..." ಎಂದವನು ಅಲ್ಲಿಗೇ ನಿಂತ. ಕ್ಯಾಂಟೀನಿನ ಅರ್ಧ ಜನ ಹಳೆಯ ಅಭ್ಯಾಸಕ್ಕೆ ತಮ್ಮ ತಮ್ಮ ಲೋಟದೊಳಗೆ ನೋಡಿಕೊಂಡರು. ಸುಭಾಸ ಲೋಟ ನೋಡಲಿಲ್ಲ. ತಲೆ ಎತ್ತಿ ಇಂದೂಳ ಮುಖ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು.

"ಥೂ ಇದರ, ದರಿದ್ರ ಪೆನ್ನು" ಎಂದ.

ಇಂದೂ ಚಹಾದ ಲೋಟ ಕೆಳಗಿಟ್ಟಳು. "ಹ್ಞಾಂ," ಎಂದಳು, "ಈಗ ಖರೇನಽ ಪೆನ್ನಿಗೆ ಬೈದಿ ನೋಡು."